ಬೆಳಕಿನಿಂದ ಕುರುಡಾಗುವ ನೊಣ

ಕಳಿತ ಬಾಳೆಯ ಹಣ್ಣನ್ನು ಅಡುಗೆಮನೆಯ ಮೂಲೆಯಲ್ಲಿ ಎರಡು ದಿನ ಮರೆತುಬಿಟ್ಟರೆ, ಅದರ ಸುತ್ತ ಎಳ್ಳುಕಾಳಿನಷ್ಟು ಗಾತ್ರದ, ಕೆಂಗಣ್ಣಿನ ಪುಟ್ಟ ನೊಣಗಳು ಹಾರಾಡತೊಡಗುವುದನ್ನು ವಾಚಕರೆಲ್ಲರೂ ಕಂಡಿರಬಹುದು. ಮನೆಯವರು ಬೀಸಿ ಓಡಿಸುವ ಈ ಕೀಟಕ್ಕೆ ಜೀವಶಾಸ್ತ್ರಜ್ಞರು ಡ್ರಾಸೊಫಿಲ ಎಂಬ ಸೊಗಸಾದ ಹೆಸರನ್ನಿಟ್ಟು, ಒಂದು ಶತಮಾನಕ್ಕೂ ಮೇಲ್ಪಟ್ಟು ಗಾಜಿನ ಸೀಸೆಗಳಲ್ಲಿ ಸಾಕಿ ಸಲಹುತ್ತ ಬಂದಿದ್ದಾರೆ. ೧೯೭೦ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಯೋಶಿಕಿ ಹೊಟ್ಟಾ ಮತ್ತು ಸೀಮೋರ್ ಬೆಂಜರ್ ಎಂಬ ವಿಜ್ಞಾನಿಗಳು ಇಂತಹ ನೊಣಗಳಲ್ಲಿ ಒಂದು ವಿಚಿತ್ರವಾದ ತಳಿಯನ್ನು ವರ್ಣಿಸಿದರು. ಈ ತಳಿಯ ನೊಣ ಕೋಶದಿಂದ ಹೊರಬರುವಾಗ ಅದರ ಕಣ್ಣು ನೋಡುವುದಕ್ಕೆ ಸರಿಯಾಗಿಯೇ ಇರುತ್ತದೆ. ಬೆಳಕಿನಲ್ಲಿ ಇರಿಸಿದರೆ ಕೆಲವೇ ದಿನಗಳಲ್ಲಿ ಕಣ್ಣಿನೊಳಗಿನ ಬೆಳಕುಗ್ರಾಹಿ ಜೀವಕೋಶಗಳು ಶಿಥಿಲವಾಗಿ ನಾಶವಾಗುತ್ತವೆ. ಕತ್ತಲೆಯಲ್ಲಿಯೇ ಬೆಳೆಸಿದರೆ ಆ ನಾಶ ಬಹುಮಟ್ಟಿಗೆ ತಡೆಯಲ್ಪಡುತ್ತದೆ.

ಬೆಳಕನ್ನು ಗ್ರಹಿಸುವುದಕ್ಕಾಗಿಯೇ ಹುಟ್ಟಿದ ಅಂಗವು ಬೆಳಕಿನಿಂದಲೇ ಅಳಿಯುವುದೆಂದರೇನು? ಬೆಳಕಿನ ಕಾವಿಗೆ ಕಣ್ಣು ಬೆಂದುಹೋಯಿತೆನ್ನೋಣವೆ? ಅದೇ ದೀಪದ ಕೆಳಗೆ ಇರಿಸಿದ ಸಾಮಾನ್ಯ ನೊಣಗಳಿಗೆ ಯಾವ ಅಪಾಯವೂ ಆಗುವುದಿಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಜೀನಿನದು. ಈ ಒಗಟನ್ನು ಬಿಡಿಸಬೇಕಾದರೆ ನಾವು ಕಣ್ಣನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಜೀವಕೋಶದ ಹೊರಪೊರೆಯನ್ನು ಪರಿಶೀಲಿಸಬೇಕು. ಅದಕ್ಕಾಗಿ ಒಂದು ಪಾರಿವಾಳದ ಹೊಟ್ಟೆಯಿಂದ ಕಥೆಯನ್ನು ಆರಂಭಿಸಬೇಕು.

ಪ್ರತಿಯೊಂದು ಜೀವಕೋಶವನ್ನೂ ಒಂದು ತೆಳ್ಳನೆಯ ಪೊರೆ ಸುತ್ತುವರಿದಿದೆ. ಅದರ ದಪ್ಪ ಒಂದು ಮಿಲಿಮೀಟರಿನ ಎರಡು ಲಕ್ಷದಲ್ಲಿ ಒಂದು ಭಾಗದಷ್ಟು. ರಂಜಕವನ್ನು ಒಳಗೊಂಡ ಕೊಬ್ಬಿನ ಜಾತಿಯ ಅಣುಗಳು, ಅಂದರೆ ಫಾಸ್ಫೊಲಿಪಿಡುಗಳು, ಎರಡು ಸಾಲಾಗಿ ಬಾಲಕ್ಕೆ ಬಾಲ ತಾಗಿಸಿ ನಿಂತು ಈ ಪೊರೆಯಾಗಿವೆ. ಬಹುಕಾಲ ವಿಜ್ಞಾನಿಗಳು ಇದನ್ನು ಕೇವಲ ಗೋಡೆಯೆಂದು ತಿಳಿದಿದ್ದರು. ಒಳಗಿನದನ್ನು ಒಳಗೆ, ಹೊರಗಿನದನ್ನು ಹೊರಗೆ ಇಡುವುದಷ್ಟೇ ಇದರ ಕೆಲಸವೆಂದೂ, ಬುದ್ಧಿವಂತಿಕೆಯ ವ್ಯವಹಾರವೆಲ್ಲ ಪ್ರೋಟೀನುಗಳದೆಂದೂ ಭಾವನೆಯಿತ್ತು.

೧೯೫೩ರಲ್ಲಿ ಲೋವೆಲ್ ಹೋಕಿನ್ ಮತ್ತು ಮೇಬಲ್ ಹೋಕಿನ್ ದಂಪತಿಗಳು ಕೆನಡದ ಮಾಂಟ್ರಿಯಲ್ ನಗರದಲ್ಲಿ ಪಾರಿವಾಳದ ಮೇದೋಜೀರಕ ಗ್ರಂಥಿಯನ್ನು ಕುರಿತು ಪ್ರಯೋಗ ನಡೆಸುತ್ತಿದ್ದರು. ಜೀರ್ಣರಸವನ್ನು ಸ್ರವಿಸುವ ಈ ಗ್ರಂಥಿಯನ್ನು ತೆಳುವಾದ ಬಿಲ್ಲೆಗಳಾಗಿ ಕತ್ತರಿಸಿ, ವಿಕಿರಣಶೀಲ ರಂಜಕವನ್ನು ಬೆರೆಸಿದ ದ್ರವದಲ್ಲಿರಿಸಿ, ನರಗಳು ಬಳಸುವ ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ಅದಕ್ಕೆ ಸೋಕಿಸುವುದು ಅವರ ಕ್ರಮ. ಇದರಿಂದ ಗ್ರಂಥಿ ಪ್ರಚೋದನೆಗೊಂಡು ರಸವನ್ನು ಸುರಿಸುತ್ತದೆ. ಆಗ ವಿಕಿರಣಶೀಲ ರಂಜಕವು ಆರ್‌ಎನ್‌ಎ ಎಂಬ ನ್ಯೂಕ್ಲಿಯಿಕ್ ಆಮ್ಲದಲ್ಲಿ ಹೆಚ್ಚಾಗಿ ಸೇರುವುದೋ ಎಂಬುದು ಅವರ ಪ್ರಶ್ನೆಯಾಗಿತ್ತು. ವಿಕಿರಣಶೀಲತೆ ಹೆಚ್ಚಿದುದೇನೋ ನಿಜ. ಆದರೆ ಎಚ್ಚರಿಕೆಯಿಂದ ಬೇರ್ಪಡಿಸಿ ನೋಡಿದಾಗ ಅದು ಇದ್ದುದು ಆರ್‌ಎನ್‌ಎಯಲ್ಲಲ್ಲ, ಅದರೊಡನೆ ಅಂಟಿಕೊಂಡು ಬಂದ ಕೊಬ್ಬಿನಲ್ಲಿ! ಕಸವೆಂದು ತೊಳೆದು ಚೆಲ್ಲಬೇಕಾಗಿದ್ದ ಭಾಗದಲ್ಲಿಯೇ ಸಂಗತಿಯೆಲ್ಲ ಅಡಗಿದ್ದಿತು. ಪ್ರಯೋಗಶಾಲೆಯಲ್ಲಿ ಇಂತಹ ಸಂದರ್ಭಗಳು ಅಪರೂಪವಲ್ಲ. ಕಸವನ್ನು ಮತ್ತೊಮ್ಮೆ ನೋಡುವ ತಾಳ್ಮೆ ಅಪರೂಪ.

ಮುಂದಿನ ಕೆಲವು ವರ್ಷಗಳಲ್ಲಿ ಹೋಕಿನ್ ದಂಪತಿಗಳು ಆ ಕೊಬ್ಬು ಯಾವುದೆಂಬುದನ್ನೂ ಗುರುತಿಸಿದರು. ಪೊರೆಯಲ್ಲಿ ಹೇರಳವಾಗಿರುವ ಫಾಸ್ಫೊಲಿಪಿಡುಗಳಲ್ಲಿ ಆ ಬದಲಾವಣೆ ಅಷ್ಟಾಗಿ ಇರಲಿಲ್ಲ. ರಂಜಕವನ್ನು ಆತುರದಿಂದ ಹೀರಿಕೊಳ್ಳುತ್ತಿದ್ದುದು ಅಲ್ಪಸಂಖ್ಯಾತವಾದ ಫಾಸ್ಫಟೈಡಿಲ್ ಇನೋಸಿಟಾಲ್ ಎಂಬ ಲಿಪಿಡು ಹಾಗೂ ಅದರ ಬಂಧುವಾದ ಫಾಸ್ಫಟೈಡಿಕ್ ಆಮ್ಲ. ಒಂದು ವಸ್ತುವಿನಲ್ಲಿ ಹೊಸ ರಂಜಕ ಸೇರುತ್ತಿದೆಯೆಂದರೆ ಆ ವಸ್ತು ಹೊಸದಾಗಿ ನಿರ್ಮಾಣವಾಗುತ್ತಿದೆ ಎಂದರ್ಥ. ಹೊಸದಾಗಿ ನಿರ್ಮಾಣವಾಗುತ್ತಿದೆಯೆಂದರೆ ಹಳೆಯದು ಎಲ್ಲಿಯೋ ವ್ಯಯವಾಗುತ್ತಿರಬೇಕು. ಹೋಕಿನ್ ದಂಪತಿಗಳು ಕಂಡದ್ದು, ನಿಜವಾಗಿ ನೋಡಿದರೆ, ಖರ್ಚನ್ನಲ್ಲ. ಖರ್ಚಾದ ಮೇಲೆ ನಡೆಯುವ ಭರ್ತಿಯನ್ನು. ಬಾವಿಯಿಂದ ನೀರು ಸೇದುವವರು ಕಾಣದಿದ್ದರೂ ಒರತೆ ರಭಸವಾಗಿ ಉಕ್ಕುತ್ತಿರುವುದನ್ನು ಕಂಡು, ಯಾರೋ ಸೇದುತ್ತಿರಬೇಕೆಂದು ಊಹಿಸಿದ ಹಾಗೆ.

ಸೇದುವವರು ಯಾರು, ಏತಕ್ಕಾಗಿ ಸೇದುತ್ತಾರೆ ಎಂಬುದು ತಿಳಿಯುವುದಕ್ಕೆ ಪೂರ್ತಿ ಮೂವತ್ತು ವರ್ಷಗಳು ಹಿಡಿದವು. ೧೯೭೫ರಲ್ಲಿ ಇಂಗ್ಲೆಂಡಿನ ರಾಬರ್ಟ್ ಮಿಚೆಲ್ ಎಂಬವರು ಅದುವರೆಗೆ ಪ್ರಕಟವಾಗಿದ್ದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ, ಈ ಲಿಪಿಡು ಖರ್ಚಾಗುವ ಜೀವಕೋಶಗಳಲ್ಲೆಲ್ಲ ಕ್ಯಾಲ್ಸಿಯಂ ಪ್ರಮಾಣ ಏರುತ್ತದೆ ಎಂಬುದರ ಕಡೆಗೆ ಗಮನ ಸೆಳೆದರು. ಕೇಂಬ್ರಿಜಿನ ಮೈಕೆಲ್ ಬೆರಿಡ್ಜ್ ಇದನ್ನು ಒಂದು ಜಾತಿಯ ಮಾಂಸದ ನೊಣದ ಲಾಲಾಗ್ರಂಥಿಯಲ್ಲಿ ಪರೀಕ್ಷಿಸಿದರು. ಆ ಗ್ರಂಥಿಯನ್ನು ಬಲವಾಗಿ, ಬಹಳ ಹೊತ್ತು ಪ್ರಚೋದಿಸಿದರೆ ಅದು ದಣಿದು ಕ್ಯಾಲ್ಸಿಯಂ ಸಂಕೇತಕ್ಕೆ ಓಗೊಡದಂತಾಗುತ್ತದೆ. ದ್ರವಕ್ಕೆ ಒಂದಿಷ್ಟು ಇನೋಸಿಟಾಲನ್ನು ಬೆರೆಸಿದರೆ ಮತ್ತೆ ಚೇತರಿಸಿಕೊಳ್ಳುತ್ತದೆ! ಬೆರಿಡ್ಜ್ ಮತ್ತು ಅವರ ಸಹೋದ್ಯೋಗಿ ಜಾನ್ ಫೇನ್ ೧೯೭೯ರಲ್ಲಿ ಪ್ರಕಟಿಸಿದ ಈ ಪ್ರಯೋಗ ನನ್ನ ಮಟ್ಟಿಗೆ ಇಡೀ ಕಥೆಯ ಅತ್ಯಂತ ಸುಂದರ ಭಾಗ. ದಣಿವೆಂಬುದು ಇಲ್ಲಿ ಕೇವಲ ಉಪಮೆಯಲ್ಲ. ಕೋಶದ ಬಳಿ ಕಚ್ಚಾ ಸಾಮಗ್ರಿ ತೀರಿಹೋಗಿತ್ತು, ಅಷ್ಟೆ.

೧೯೮೩ರಲ್ಲಿ ಬೆರಿಡ್ಜ್, ರಾಬಿನ್ ಅರ್ವಿನ್ ಮತ್ತು ಜರ್ಮನಿಯ ಹಾನ್ಸ್‌ಪೀಟರ್ ಸ್ಟ್ರೆಬ್, ಐರೀನ್ ಶುಲ್ಟ್ಸ್ ಇವರು ಕೂಡಿ ಅಂತಿಮ ಕೊಂಡಿಯನ್ನು ಸೇರಿಸಿದರು. ಅವರು ಪ್ರಯೋಗಿಸಿದ್ದೂ ಮೇದೋಜೀರಕ ಗ್ರಂಥಿಯ ಕೋಶಗಳ ಮೇಲೆಯೇ ಎಂಬುದು ಒಂದು ಸೊಗಸಾದ ಯೋಗಾಯೋಗ.

ಅವರು ತಿಳಿಸಿದ ಸಂಗತಿ ಹೀಗಿದೆ. ಕೋಶಪೊರೆಯ ಒಳಮೈಯಲ್ಲಿ ಫಾಸ್ಫಟೈಡಿಲ್ ಇನೋಸಿಟಾಲ್ ೪,೫-ಬಿಸ್‌ಫಾಸ್ಫೇಟ್ ಎಂಬ ಲಿಪಿಡು ಇದೆ. ಇಷ್ಟುದ್ದದ ಹೆಸರನ್ನು ಪ್ರತಿಸಲವೂ ಉಚ್ಚರಿಸಲಾರದೆ ವಿಜ್ಞಾನಿಗಳು ‘ಪಿಪ್-೨’ ಎಂದು ಕರೆಯುತ್ತಾರೆ. ನಾವೂ ಹಾಗೆಯೇ ಕರೆಯೋಣ. ಹೊರಗಿನಿಂದ ಸುದ್ದಿ ಬಂದೊಡನೆ ಫಾಸ್ಫೊಲೈಪೇಸ್ ಸಿ ಎಂಬ ಕಿಣ್ವವು ಪಿಪ್-೨ ಅಣುವನ್ನು ಎರಡು ತುಂಡಾಗಿ ಕತ್ತರಿಸುತ್ತದೆ. ತಲೆಯ ಭಾಗ, ಅಂದರೆ ಇನೋಸಿಟಾಲ್ ಟ್ರೈಫಾಸ್ಫೇಟ್, ನೀರಿನಲ್ಲಿ ಕರಗುವಂತಹುದು. ಅದು ಕೋಶದ ಒಳಕ್ಕೆ ಧಾವಿಸಿ ಅಲ್ಲಿ ಕೂಡಿಟ್ಟಿರುವ ಕ್ಯಾಲ್ಸಿಯಮ್ಮನ್ನು ಬಿಡುಗಡೆ ಮಾಡಿಸುತ್ತದೆ. ವಿಶ್ರಾಂತ ಸ್ಥಿತಿಯಲ್ಲಿ ಕೋಶದ್ರವದ ಕ್ಯಾಲ್ಸಿಯಂ ಹೊರಗಿನದರ ಸುಮಾರು ಹತ್ತು ಸಾವಿರದಲ್ಲೊಂದು ಪಾಲು ಮಾತ್ರ; ಆದ್ದರಿಂದ ಅಲ್ಪ ಬಿಡುಗಡೆಯೂ ದೊಡ್ಡ ಕೂಗಿನಂತೆ ಕೇಳಿಸುತ್ತದೆ. ಬಾಲದ ಭಾಗವಾದ ಡೈಅಸೈಲ್‌ಗ್ಲಿಸರಾಲ್ ಪೊರೆಯಲ್ಲಿಯೇ ಉಳಿದು ಬೇರೊಂದು ಕಿಣ್ವವನ್ನು ಎಬ್ಬಿಸುತ್ತದೆ. ಇದನ್ನು ಜಪಾನಿನ ಕೋಬೆ ನಗರದಲ್ಲಿ ಯಸುತೋಮಿ ನಿಶಿಜುಕ ಕಂಡುಹಿಡಿದರು. ಹೀಗೆ ಗೋಡೆಯೆಂದು ತಿಳಿದಿದ್ದ ಪೊರೆಯೇ ಓಲೆಯೂ ಆಯಿತು.

ಇನೋಸಿಟಾಲ್ ನಮಗೆ ಅಪರಿಚಿತ ವಸ್ತುವೇನೂ ಅಲ್ಲ. ೧೮೫೦ರಲ್ಲಿ ಜರ್ಮನಿಯ ಯೋಹಾನ್ ಜೋಸೆಫ್ ಶೆರರ್ ಇದನ್ನು ಮಾಂಸಖಂಡದಿಂದ ಬೇರ್ಪಡಿಸಿದರು, ರುಚಿ ಸಿಹಿ. ನಮ್ಮ ರಾಗಿ, ಗೋಧಿ, ಬೇಳೆಕಾಳುಗಳಲ್ಲಿ ಆರು ಫಾಸ್ಫೇಟುಗಳನ್ನು ಹೊತ್ತು ಫೈಟಿಕ್ ಆಮ್ಲವೆಂಬ ರೂಪದಲ್ಲಿ ಇದು ಸಂಗ್ರಹವಾಗಿರುತ್ತದೆ. ಆರು ಇಂಗಾಲದ ಪರಮಾಣುಗಳು ಕೈಕೈ ಹಿಡಿದು ನಿಂತ ಒಂದು ಬಳೆ ಈ ಅಣು. ಪೊರೆಯಲ್ಲಿರುವಾಗ ಈ ಬಳೆಯ ಮೂರು, ನಾಲ್ಕು, ಐದನೆಯ ಸ್ಥಾನಗಳಿಗೆ ಫಾಸ್ಫೇಟನ್ನು ಅಂಟಿಸಬಹುದು, ತೆಗೆಯಬಹುದು.

ಕನ್ನಡದ ವಿದ್ಯಾರ್ಥಿಗೆ ಇದನ್ನು ವಿವರಿಸುವುದು ಸುಲಭ. ಕಾಗುಣಿತವನ್ನು ನೆನೆಯಿರಿ. ‘ಕ’ ಎಂಬ ಒಂದೇ ಅಕ್ಷರಕ್ಕೆ ಗುಡಿಸು ಕೊಟ್ಟರೆ ‘ಕಿ’, ಕೊಂಬು ಕೊಟ್ಟರೆ ‘ಕು’. ಮೂಲಾಕ್ಷರ ಬದಲಾಗದಿದ್ದರೂ ಓದುವವನ ನಾಲಿಗೆ ಬೇರೆಯಾಗಿ ಹೊರಳುತ್ತದೆ. ಅಂತೆಯೇ ಈ ಮೂರು ಸ್ಥಾನಗಳಲ್ಲಿ ಫಾಸ್ಫೇಟು ಇರುವ, ಇಲ್ಲದಿರುವ ಬಗೆಗಳನ್ನು ಎಣಿಸಿದರೆ ಬರಿಯ ಮೂಲರೂಪವನ್ನು ಬಿಟ್ಟು ಏಳು ಗುಣಿತಗಳಾಗುತ್ತವೆ. ಏಳೂ ಜೀವಕೋಶದಲ್ಲಿ ಉಂಟು. ಕೋಶದ ಹೊರಪೊರೆಯ ಗುರುತು ಪಿಪ್-೨. ನಾಲ್ಕರಲ್ಲಿ ಮಾತ್ರ ಫಾಸ್ಫೇಟುಳ್ಳದ್ದು ಗಾಲ್ಜಿ ಎಂಬ ಕಣದಂಗದ ಪೊರೆಯಲ್ಲಿ ವಿಶೇಷವಾಗಿದೆ. ಮೂರರಲ್ಲಿ ಮಾತ್ರ ಇರುವುದು, ಕೋಶ ಹೊರಗಿನಿಂದ ನುಂಗಿ ತಂದ ಚೀಲಗಳ ಮೇಲಿದೆ. ಪ್ರೋಟೀನುಗಳು ಈ ಗುಣಿತವನ್ನು ಓದಿ ‘ನಾವು ಸೇರಬೇಕಾದ ಮನೆ ಇದು’ ಎಂದು ತಿಳಿಯುತ್ತವೆ. ಫಾಸ್ಫೇಟನ್ನು ಅಂಟಿಸುವ ಕಿಣ್ವಗಳು ಕೈನೇಸುಗಳು, ಅಳಿಸುವವು ಫಾಸ್ಫಟೇಸುಗಳು.

ಇಷ್ಟು ತಿಳಿದ ಮೇಲೆ ಮುಖ್ಯ ಪ್ರಶ್ನೆಗೆ ಬರೋಣ. ಪಿಪ್-೨ ಪೊರೆಯ ಫಾಸ್ಫೊಲಿಪಿಡುಗಳಲ್ಲಿ ನೂರಕ್ಕೆ ಒಂದರ ಆಸುಪಾಸು ಮಾತ್ರ. ಪ್ರತಿ ಸುದ್ದಿಗೂ ಅದನ್ನು ಕತ್ತರಿಸಿ ವ್ಯಯಿಸಬೇಕು. ಓಲೆ ಬರೆಯುವುದಕ್ಕೆ ಮನೆಯ ಗೋಡೆಯನ್ನೇ ಕೆತ್ತಿ ತೆಗೆಯುವ ಈ ವ್ಯವಸ್ಥೆಯಲ್ಲಿ ಕೋಶವು ಮರುಭರ್ತಿಯನ್ನು ಹೇಗೆ ನಡೆಸುತ್ತದೆ?

ದಾರಿ ಸುತ್ತಿನದು. ಪೊರೆಯಲ್ಲಿ ಉಳಿದ ಬಾಲಕ್ಕೆ ಒಂದು ಫಾಸ್ಫೇಟು ಸೇರಿ ಫಾಸ್ಫಟೈಡಿಕ್ ಆಮ್ಲವಾಗುತ್ತದೆ. ಹೋಕಿನ್ ದಂಪತಿಗಳ ಬಿಲ್ಲೆಗಳಲ್ಲಿ ಹೊಳೆದ ಎರಡನೆಯ ವಸ್ತು ಇದೇ! ಆದರೆ ಅದಕ್ಕೆ ಮತ್ತೆ ಇನೋಸಿಟಾಲನ್ನು ಜೋಡಿಸುವ ಕಾರ್ಖಾನೆ ಇರುವುದು ಹೊರಪೊರೆಯಲ್ಲಲ್ಲ, ಕೋಶದ ಒಳಗೆ ಹರಡಿರುವ ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಯ ಜಾಲದಲ್ಲಿ. ಇದನ್ನು ಸರಳವಾಗಿ ‘ಒಳಜಾಲ’ ಎನ್ನೋಣ. ಆಮ್ಲ ಅಲ್ಲಿಗೆ ಹೋಗಬೇಕು. ಅಲ್ಲಿ ಫಾಸ್ಫಟೈಡಿಲ್ ಇನೋಸಿಟಾಲ್ ಆಗಿ ಹೊರಪೊರೆಗೆ ಮರಳಬೇಕು. ಇಲ್ಲಿ ನಾಲ್ಕರಲ್ಲಿ ಒಂದು, ಐದರಲ್ಲಿ ಒಂದು ಫಾಸ್ಫೇಟು ಸೇರಿ ಮತ್ತೆ ಪಿಪ್-೨ ಆಗಬೇಕು. ನಡುವೆ ಇರುವುದು ನೀರು. ಕೊಬ್ಬು ನೀರಿನಲ್ಲಿ ಈಜಲಾರದೆಂಬುದು ಎಣ್ಣೆಯ ಪಾತ್ರೆ ತೊಳೆದವರಿಗೆಲ್ಲ ತಿಳಿದದ್ದೇ. ಹಾಗಾದರೆ ದಾಟಿಸುವವರು ಯಾರು?

ಈಗ ನಮ್ಮ ನೊಣದ ಕಣ್ಣಿಗೆ ಮರಳಬಹುದು.

ಹಣ್ಣುನೊಣದ ಒಂದೊಂದು ಕಣ್ಣೂ ಸುಮಾರು ೭೫೦ ಕಿರುಗಣ್ಣುಗಳ ಜೇನುಹುಟ್ಟು. ಒಂದೊಂದು ಕಿರುಗಣ್ಣಿನಲ್ಲಿ ಎಂಟು ಬೆಳಕುಗ್ರಾಹಿ ಕೋಶಗಳು. ಪ್ರತಿ ಕೋಶದ ಒಂದು ಪಕ್ಕದಲ್ಲಿ ಹಲ್ಲುಜ್ಜುವ ಬ್ರಷ್ಷಿನ ಕೂದಲಿನಂತೆ ಮೂವತ್ತು ಸಾವಿರಕ್ಕೂ ಹೆಚ್ಚು ಸೂಕ್ಷ್ಮವಾದ ಎಳೆಗಳು ಒತ್ತಾಗಿ ನಿಂತಿವೆ. ಬೆಳಕು ಬಿದ್ದಾಗ ಈ ಎಳೆಗಳಲ್ಲಿ ಫಾಸ್ಫೊಲೈಪೇಸ್ ಸಿ ಪಿಪ್-೨ ಅಣುವನ್ನು ಕತ್ತರಿಸುತ್ತದೆ. ಅದರ ಪರಿಣಾಮವಾಗಿ ವಿದ್ಯುತ್ಕಣಗಳ ಬಾಗಿಲುಗಳು ತೆರೆದು ಮಿದುಳಿಗೆ ಸುದ್ದಿ ಹೊರಡುತ್ತದೆ. ನೊಣದ ಪಾಲಿಗೆ ನೋಡುವುದೆಂದರೆ ಪಿಪ್-೨ ಖರ್ಚು ಮಾಡುವುದು. ಹಗಲಿಡೀ ಬೆಳಕಿನಲ್ಲಿ ಹಾರಾಡುವ ಪ್ರಾಣಿಗೆ ಈ ಖರ್ಚು ಎಷ್ಟು ಭಾರಿಯಾಗಿರಬೇಕೆಂಬುದನ್ನು ಊಹಿಸಬಹುದು.

ಈ ವ್ಯವಹಾರದ ಒಂದೊಂದು ಕೊಂಡಿಯೂ ಕೆಟ್ಟಿರುವ ತಳಿಗಳು ವಿಜ್ಞಾನಿಗಳ ಬಳಿ ಇವೆ. ‘ನಾರ್ಪ್-ಎ’ ಎಂಬ ತಳಿಯಲ್ಲಿ ಕತ್ತರಿಸುವ ಕಿಣ್ವವೇ ಇಲ್ಲ, ನೊಣ ಕುರುಡು. ೧೯೬೯ರಲ್ಲಿ ವರ್ಣಿತವಾದ ‘ಟಿ.ಆರ್.ಪಿ.’ ಎಂಬ ತಳಿಯದು ಇನ್ನೂ ಕುತೂಹಲಕರವಾದ ಪ್ರಸಂಗ. ಇದು ಮಂದ ಬೆಳಕಿನಲ್ಲಿ ಕಾಣುತ್ತದೆ. ಪ್ರಖರ ಬೆಳಕಿನಲ್ಲಿ ಕ್ಷಣಮಾತ್ರ ಕಂಡು ಕುರುಡಾಗುತ್ತದೆ. ಕಾರಣವನ್ನು ಕೇಂಬ್ರಿಜಿನ ರೋಜರ್ ಹಾರ್ಡಿ ಮತ್ತು ಸಂಗಡಿಗರು ೨೦೦೧ರಲ್ಲಿ ತೋರಿಸಿದರು. ಸಾಮಾನ್ಯ ನೊಣದಲ್ಲಿ ಬಾಗಿಲು ತೆರೆದೊಡನೆ ಒಳನುಗ್ಗುವ ಕ್ಯಾಲ್ಸಿಯಂ ಹಿಂದಿರುಗಿ ಕತ್ತರಿಸುವ ಕಿಣ್ವಕ್ಕೇ ಕಡಿವಾಣ ಹಾಕುತ್ತದೆ. ಟಿ.ಆರ್.ಪಿ. ನೊಣದಲ್ಲಿ ಮುಖ್ಯವಾದ ಆ ಬಾಗಿಲೇ ಇಲ್ಲ, ಆದ್ದರಿಂದ ಕಡಿವಾಣವೂ ಇಲ್ಲ. ಕಿಣ್ವ ಎಡೆಬಿಡದೆ ಕತ್ತರಿಸುತ್ತ ಹೋಗಿ ಸೆಕೆಂಡುಗಳಲ್ಲಿ ಪಿಪ್-೨ ಬರಿದಾಗುತ್ತದೆ. ಬಾವಿ ಬತ್ತಿದ ಮೇಲೆ ಕೊಡ ಇಳಿಸಿ ಫಲವೇನು? (ಈ ನೊಣದಿಂದ ಹೆಸರು ಪಡೆದ ಬಾಗಿಲುಗಳ ಒಂದು ದೊಡ್ಡ ವಂಶವೇ ಆಮೇಲೆ ಪತ್ತೆಯಾಯಿತು. ಮೆಣಸಿನಕಾಯಿ ಕಡಿದಾಗ ನಮ್ಮ ನಾಲಿಗೆಯನ್ನು ಉರಿಸುವುದು ಆ ವಂಶದ ಒಂದು ಕುಡಿ. ಅದನ್ನು ಗುರುತಿಸಿದ ಡೇವಿಡ್ ಜೂಲಿಯಸ್ ೨೦೨೧ರ ನೊಬೆಲ್ ಪಾರಿತೋಷಕದಲ್ಲಿ ಪಾಲುಗಾರರಾದರು.)

ಇನ್ನು ಬೆಳಕಿನಿಂದ ಅಳಿಯುವ, ನಾವು ಮೊದಲಲ್ಲಿ ಕಂಡ ತಳಿ. ಅದರ ಹೆಸರು ‘ಆರ್.ಡಿ.ಜಿ.-ಬಿ’. ೧೯೭೭ರಲ್ಲಿ ವಿಲಿಯಂ ಹ್ಯಾರಿಸ್ ಮತ್ತು ವಿಲಿಯಂ ಸ್ಟಾರ್ಕ್ ಒಂದು ಸ್ವಾರಸ್ಯವಾದ ಸಂಗತಿಯನ್ನು ವರದಿ ಮಾಡಿದರು. ಈ ತಳಿಯನ್ನು ಕುರುಡಾದ ನಾರ್ಪ್-ಎ ತಳಿಯೊಡನೆ ಸಂಕರಿಸಿ ಎರಡು ದೋಷಗಳನ್ನೂ ಒಂದೇ ನೊಣದಲ್ಲಿ ಕೂಡಿಸಿದರೆ, ಕಣ್ಣು ಕಾಣುವುದಿಲ್ಲವಾದರೂ ಶಿಥಿಲವಾಗುವುದು ತಪ್ಪುತ್ತದೆ! ಎರಡು ರೋಗಗಳು ಒಂದಕ್ಕಿಂತ ಮೇಲಾದ ಅಪರೂಪದ ಉದಾಹರಣೆ ಇದು. ಸೇದುವ ಕೈಯನ್ನೇ ಕಟ್ಟಿಹಾಕಿದರೆ ಒರತೆಯಿಲ್ಲದ ಬಾವಿಗೂ ಕೇಡಿಲ್ಲ. ಕಣ್ಣನ್ನು ಕೊಲ್ಲುತ್ತಿದ್ದುದು ಬೆಳಕಲ್ಲ, ಬೆಳಕಿನಿಂದ ಆರಂಭವಾದ ಖರ್ಚು ಎಂಬುದು ಇದರಿಂದ ಖಚಿತವಾಯಿತು. ೧೯೯೦ರ ದಶಕದ ಆರಂಭದಲ್ಲಿ ಆ ಜೀನನ್ನು ಬೇರ್ಪಡಿಸಿ ಓದಿದಾಗ, ಅದು ಫಾಸ್ಫಟೈಡಿಲ್ ಇನೋಸಿಟಾಲನ್ನು ತನ್ನೊಳಗಿನ ಪೊಟರೆಯಲ್ಲಿರಿಸಿಕೊಂಡು ಒಂದು ಪೊರೆಯಿಂದ ಇನ್ನೊಂದಕ್ಕೆ ಸಾಗಿಸುವ ಪ್ರೋಟೀನಿನ ಜೀನೆಂದು ಗೊತ್ತಾಯಿತು. ನಾವು ಹುಡುಕುತ್ತಿದ್ದ ಅಂಬಿಗ ಸಿಕ್ಕಿದ.

ಈ ಅಂಬಿಗನ ಕಾರ್ಯವಿಧಾನ ಬೆಳಕಿಗೆ ಬಂದುದರಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು. ಬೆಂಜರ್ ಅವರೊಡನೆ ನೊಣಗಳ ಮೇಲೆ ಕೆಲಸಮಾಡಿದ್ದ ಒಬೈದ್ ಸಿದ್ದೀಕಿಯವರು ಕಟ್ಟಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಅಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿದೆ. ೨೦೦೧ರ ಪ್ರಯೋಗದಲ್ಲಿ ಹಾರ್ಡಿಯವರ ಸಂಗಡಿಗರಲ್ಲೊಬ್ಬರಾಗಿದ್ದ ರಘು ಪಡಿಂಜಾಟ್ ಈ ಕೇಂದ್ರದಲ್ಲಿ ತಮ್ಮ ತಂಡವನ್ನು ಕಟ್ಟಿ ಈ ಲಿಪಿಡುಗಳನ್ನೇ ಅಭ್ಯಸಿಸುತ್ತ ಬಂದಿದ್ದಾರೆ. ಪಿಪ್-೨ ಅಣುವನ್ನು ಹಿಡಿದುಕೊಳ್ಳುವ ಒಂದು ಪ್ರೋಟೀನಿನ ತುಂಡಿಗೆ ಅಂಬಲಿ ಮೀನಿನಿಂದ ದೊರೆತ ಹಸುರು ಹೊಳಪಿನ ಪ್ರೋಟೀನನ್ನು ಜೋಡಿಸಿ, ಅದನ್ನು ನೊಣದ ಕಣ್ಣಿನಲ್ಲಿಯೇ ತಯಾರಾಗುವಂತೆ ಮಾಡುತ್ತಾರೆ. ಪಿಪ್-೨ ಇದ್ದಲ್ಲಿ ಹೊಳಪು. ಜೀವಂತ ನೊಣದ ಕಣ್ಣಿಗೆ ಪ್ರಖರ ಬೆಳಕನ್ನು ಮಿಂಚಿಸಿದರೆ ಹೊಳಪು ಕುಸಿಯುತ್ತದೆ. ಸಾಮಾನ್ಯ ನೊಣದಲ್ಲಿ ಕೆಲವು ನಿಮಿಷಗಳೊಳಗೆ ಮರಳುತ್ತದೆ. ಆರ್.ಡಿ.ಜಿ.-ಬಿ ನೊಣದಲ್ಲಿ ಅದು ಮರಳುವುದು ಬಹಳ ನಿಧಾನ. ಈ ಫಲಿತಾಂಶ ೨೦೧೫ರಲ್ಲಿ ಪ್ರಕಟವಾಯಿತು. ಅಂಬಿಗ ಬರಿಗೈಯಲ್ಲಿ ಹಿಂದಿರುಗುವವನಲ್ಲ ಎಂಬ ವಿಷಯವೂ ತಿಳಿದಿದೆ: ಒಳಜಾಲದಿಂದ ಹೊಸ ಲಿಪಿಡನ್ನು ತರುವಾಗ ಹೊರಪೊರೆಯ ಫಾಸ್ಫಟೈಡಿಕ್ ಆಮ್ಲವನ್ನು ಒಳಕ್ಕೆ ಸಾಗಿಸುವುದೂ ಅದೇ ಪ್ರೋಟೀನು.

ಹೊಳೆ ಕಿರಿದಾದಲ್ಲಿ ದೋಣಿ ಇಡುವುದು ನಮ್ಮ ಊರುಗಳ ಪದ್ಧತಿ. ಕೋಶದಲ್ಲಿಯೂ ಹಾಗೆಯೇ. ಆ ಎಳೆಗಳ ಬುಡದಲ್ಲಿ ಒಳಜಾಲದ ಒಂದು ಚಾಚು ಹೊರಪೊರೆಯ ಹತ್ತಿರಕ್ಕೆ, ಹತ್ತು-ಮೂವತ್ತು ನ್ಯಾನೊಮೀಟರಿನ ಅಂತರಕ್ಕೆ ಬಂದು ನಿಲ್ಲುತ್ತದೆ. ಅಂಬಿಗ ಪ್ರೋಟೀನು ಇರುವುದು ಈ ಇಕ್ಕಟ್ಟಿನಲ್ಲಿಯೇ. ಒಳಜಾಲದ ಮೇಲಿರುವ ‘ವ್ಯಾಪ್’ ಎಂಬ ಇನ್ನೊಂದು ಪ್ರೋಟೀನು ಅದನ್ನು ಗೂಟಕ್ಕೆ ಕಟ್ಟಿದಂತೆ ಹಿಡಿದಿರುತ್ತದೆಂದೂ, ಆ ಕಟ್ಟು ಸಡಿಲಿದರೆ ಅಂಬಿಗ ದಿಕ್ಕುಗೆಟ್ಟು ಕೆಲಸ ಕೆಡುತ್ತದೆಂದೂ ಅದೇ ತಂಡ ೨೦೧೮ರಲ್ಲಿ ವರದಿಮಾಡಿತು. ಲಿಪಿಡಿನ ನಿಯಂತ್ರಣವೆಂದರೆ ಕಿಣ್ವಗಳ ಕೆಲಸ ಮಾತ್ರ ಎಂದು ನಾವು ಕಲಿತಿದ್ದೆವು. ಯಾವ ಪೊರೆ ಯಾವುದರ ಪಕ್ಕದಲ್ಲಿ ನಿಂತಿದೆ ಎಂಬುದೂ ನಿಯಂತ್ರಣವೇ ಎಂದು ಒಂದು ನೊಣ ಕಲಿಸಿತು.

ಮನುಷ್ಯರಲ್ಲಿ ಈ ಲೆಕ್ಕ ತಪ್ಪಿದರೆ ಆಗುವ ಅನಾಹುತಕ್ಕೆ ಒಂದು ನಿದರ್ಶನ ಸಾಕು. ೧೯೫೨ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಲೋ ಮತ್ತು ಜೊತೆಗಾರರು ಗಂಡುಮಕ್ಕಳಲ್ಲಿ ಬರುವ ಒಂದು ಅಪರೂಪದ ಹುಟ್ಟುರೋಗವನ್ನು ವರ್ಣಿಸಿದರು. ಮಗು ಹುಟ್ಟುವಾಗಲೇ ಎರಡು ಕಣ್ಣುಗಳಲ್ಲಿಯೂ ಪೊರೆ ಬಂದಿರುತ್ತದೆ. ಬುದ್ಧಿಯ ಬೆಳವಣಿಗೆ ಕುಂಠಿತ. ಮೂತ್ರಪಿಂಡಗಳು ದೇಹಕ್ಕೆ ಬೇಕಾದ ಲವಣಗಳನ್ನೂ ಪ್ರೋಟೀನನ್ನೂ ಹಿಡಿದಿಡಲಾರದೆ ಸೋರಿಸುತ್ತವೆ. (ಕಣ್ಣಿನ ಪೊರೆಯೆಂದರೆ ಮಂಜಾದ ಮಸೂರ, ಕೋಶದ ಪೊರೆಗೂ ಅದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಮಾತಾದುದು ಆಕಸ್ಮಿಕ.) ೧೯೯೨ರಲ್ಲಿ ಇದಕ್ಕೆ ಕಾರಣವಾದ ಜೀನು ದೊರೆಯಿತು. ಅದು ನಿರ್ಮಿಸುವುದು ಒಂದು ಫಾಸ್ಫಟೇಸನ್ನು. ಪಿಪ್-೨ ಅಣುವಿನ ಐದನೆಯ ಸ್ಥಾನದ ಗುಣಿತವನ್ನು ಅಳಿಸುವುದಷ್ಟೇ ಅದರ ಕೆಲಸ. ನೊಣದಲ್ಲಿ ಕೊರತೆಯಿಂದ ಕೇಡಾಯಿತು. ಈ ಮಕ್ಕಳಲ್ಲಿ ಅಳಿಸಬೇಕಾದುದು ಅಳಿಯದೆ ಉಳಿದು ಕೇಡಾಯಿತು. ಕಣ್ಣಿನ ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು, ಸೋರಿಹೋದ ಲವಣಗಳನ್ನು ಔಷಧಿಯಿಂದ ತುಂಬಬಹುದು. ಮೂಲದೋಷವನ್ನು ತಿದ್ದುವ ಮದ್ದು ಇನ್ನೂ ದೊರೆತಿಲ್ಲ. ಮೂರನೆಯ ಸ್ಥಾನದ ಫಾಸ್ಫೇಟನ್ನು ಅಳಿಸುವ ‘ಪಿಟೆನ್’ ಎಂಬ ಇನ್ನೊಂದು ಕಿಣ್ವ ೧೯೯೭ರಲ್ಲಿ ಪತ್ತೆಯಾಯಿತು. ಅದನ್ನು ಕಳೆದುಕೊಂಡ ಕೋಶಗಳು ‘ಬೆಳೆ, ಬೆಳೆ’ ಎಂಬ ಆಜ್ಞೆ ನಿಲ್ಲದೆ ಅನೇಕ ಬಗೆಯ ಅರ್ಬುದ ರೋಗಗಳಿಗೆ ಎಡೆಯಾಗುತ್ತವೆ. ಅದರ ವಿವರ ಪ್ರತ್ಯೇಕ ಲೇಖನವನ್ನೇ ಬೇಡುತ್ತದೆ.

ಕೊನೆಯದಾಗಿ ಜಾಣ ವಿದ್ಯಾರ್ಥಿಯೊಬ್ಬ ಕೇಳಬಹುದಾದ ಪ್ರಶ್ನೆ: ನಮ್ಮ ಕಣ್ಣೂ ಹೀಗೆಯೇ ಪಿಪ್-೨ ಖರ್ಚಿನಿಂದ ನೋಡುತ್ತದೆಯೆ? ಇಲ್ಲ. ನಮಗೆ ಆಕಾರವನ್ನೂ ಬಣ್ಣವನ್ನೂ ತೋರಿಸುವ ಕೋಶಗಳು ಬೇರೆಯೇ ಒಂದು ರಾಸಾಯನಿಕ ಮಾರ್ಗವನ್ನು ಹಿಡಿದಿವೆ. ಆದರೆ ಅಕ್ಷಿಪಟದಲ್ಲಿ ಮೆಲನಾಪ್ಸಿನ್ ಎಂಬ ವರ್ಣದ್ರವ್ಯವುಳ್ಳ ಕೆಲವು ನರಕೋಶಗಳಿವೆ. ಅವು ಚಿತ್ರವನ್ನು ಕಾಣವು. ಹಗಲೋ ಇರುಳೋ ಎಂಬುದನ್ನು ಮಾತ್ರ ಮಿದುಳಿಗೆ ತಿಳಿಸಿ ದೇಹದ ಗಡಿಯಾರವನ್ನು ಸರಿಪಡಿಸುತ್ತವೆ. ಅವು ಬಳಸುವುದು ನೊಣದ ಮಾರ್ಗವನ್ನೇ: ಅದೇ ಜಾತಿಯ ಕಿಣ್ವ, ಅದೇ ಪಿಪ್-೨, ಟಿ.ಆರ್.ಪಿ. ವಂಶದ ಬಾಗಿಲುಗಳೇ. ಬೆಳಗಾಗುವಾಗ ಮುಚ್ಚಿದ ರೆಪ್ಪೆಯನ್ನು ಹಾಯ್ದು ಬರುವ ಬೆಳಕಿಗೆ ಅಲ್ಲಿಯೂ ಬಾವಿಯಿಂದ ನೀರು ಸೇದುವ ಕೆಲಸ ಆರಂಭವಾಗುತ್ತದೆ.